ಸಿಮೆಂಟ್ ಕಂಬಕ್ಕೆ ಮೆಣಸಿನ ಬಳ್ಳಿ ಹಿಡಿಸಿದ್ದು

"ಕಂಬಕ್ಕೆ ಬಳ್ಳಿ ಹತ್ತಲ್ಲ ಮಾರಾಯ, ಸುಮ್ನೆ ದುಡ್ಡು ಹಾಳು" ಅಂದಿದ್ದರು ನಮ್ಮ ಭಾವ. ಈಗ ಅದೇ ಕಂಬಗಳ ತುದಿ ಮುಟ್ಟಿದೆ ಪಣಿಯೂರು-1 ತಳಿಯ ಕಾಳುಮೆಣಸಿನ ಬಳ್ಳಿ. ಹೋದ ಕೊಯ್ಲಿನಲ್ಲಿ ಕಂಬಕ್ಕೆ ಹತ್ತಿರ ಹತ್ತಿರ ಎರಡು ಕೆಜಿ ಒಣಗಿದ ಕಾಳು ಸಿಕ್ಕಿತು. ಭಾವ ಈಗ ಕುಡಿ ಕೇಳುತ್ತಿದ್ದಾರೆ.

ನಮ್ಮ ಬ್ಯಾಣದಲ್ಲಿ ಬಳ್ಳಿ ಹಬ್ಬಿಸುತ್ತಿದ್ದ ಹಾಲವಾಣದ ಮರಗಳೆಲ್ಲ ಗಂಟು ರೋಗಕ್ಕೆ ಸತ್ತವು. ಸಿಲ್ವರ್ ಓಕ್ ಬೆಳೆಯುವ ತನಕ ಕಾಯೋಣ ಅನಿಸಲಿಲ್ಲ. ಮೊದಲು ಪಿವಿಸಿ ಪೈಪಿಗೆ ಕಾಂಕ್ರೀಟ್ ತುಂಬಿ ನಲವತ್ತು ನೆಟ್ಟೆ. ಇಪ್ಪತ್ತೈದು ಸಾವಿರ ಹೋಯಿತು. ಬಳ್ಳಿಯ ಗಿಣ್ಣಿನಲ್ಲಿ ಬೇರು ಬಂತು, ಆದರೆ ಎರಡೇ ದಿನಕ್ಕೆ ಅದರ ತುದಿ ಕಂದಾಗಿ ಒಣಗಿತು. ಆಷಾಢದ ಗಾಳಿಗೆ ದಾರ ಹರಿದು ಬಳ್ಳಿ ಪೂರ್ತಿ ಜಾರಿ ಬುಡದಲ್ಲಿ ಗುಡ್ಡೆಯಾಯಿತು.

ಅದೇ ಪೈಪಿನ ಮೇಲೆ ಹಲ್ಲಿ ಸಲೀಸಾಗಿ ಓಡುತ್ತಿತ್ತು! ಅಲ್ಲಿಂದ ನನಗೆ ಓದುವ ಹುಚ್ಚು ಹತ್ತಿತು. ಟೋಕೇ ಎಂಬ ದೊಡ್ಡ ಹಲ್ಲಿಗೆ ಒಂದೊಂದು ಪಾದದಲ್ಲೂ ಸುಮಾರು 5 ಲಕ್ಷ ಸೂಕ್ಷ್ಮ ಕೂದಲು. ಒಂದೊಂದರ ತುದಿಯೂ ನೂರಾರು ಎಳೆಯಾಗಿ ಸೀಳಿರುತ್ತದೆ. ನುಣುಪಾದ ಜಾಗಕ್ಕೂ ಅವು ಒತ್ತಿ ಕೂರುತ್ತವೆ, ಅಂಟೇ ಬೇಡ. ಮೆಣಸಿನ ಬೇರಿಗೆ ಹಾಗಲ್ಲ. ಅದಕ್ಕೆ ಬಿರುಕು ಬೇಕು, ಪಸೆ ಬೇಕು, ನೆರಳು ಬೇಕು. ಬಿದ್ದ ಬಳ್ಳಿಯನ್ನು ಎತ್ತಿ ಕಟ್ಟಿಯೂ ನೋಡಿದೆ. ಒಮ್ಮೆ ಬಿಟ್ಟ ಗಿಣ್ಣು ಮತ್ತೆ ಹಿಡಿಯಲೇ ಇಲ್ಲ. ಸುತ್ತಿ ಬುಡದ ಮಣ್ಣಿನಲ್ಲಿ ಮುಚ್ಚಿದೆ, ಹೊಸ ಕುಡಿ ಬಂತು.

ಆಮೇಲೆ ಸಿಮೆಂಟ್ ಕಂಬ, ಆಗ ಒಂದಕ್ಕೆ ಎಂಟು ನೂರು ರೂಪಾಯಿ ಆಸುಪಾಸು ಬಿತ್ತು. ಬರಿ ಕಂಬ ಮಾರ್ಚ್ ಬಿಸಿಲಿಗೆ ಕಾದು ಎಳೆ ಬೇರನ್ನು ಸುಟ್ಟಿತು. ಕೊನೆಗೆ ಕಂಬವನ್ನು ಒಂದು ಮಳೆಗಾಲ ನೆನೆಯಲು ಬಿಟ್ಟು, ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ, ಸಗಣಿ ನೀರು ಬಳಿದೆ. ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಈಗಲೇ ಹೇಳಲ್ಲ, ಇನ್ನೆರಡು ಮಳೆಗಾಲ ನೋಡಬೇಕು. ತುದಿಯಲ್ಲಿ ಒಂದು ಡ್ರಿಪ್ಪರ್, ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಗಂಟೆ. ಎರಡು ಬೇಸಿಗೆ ನೆರಳುಬಲೆ. ನೈಲಾನ್ ದಾರ ಬಳ್ಳಿಯನ್ನು ಕೊಯ್ಯುತ್ತದೆ, ಬಾಳೆ ನಾರಿನಲ್ಲಿ ಗಿಣ್ಣಿನ ಹತ್ತಿರವೇ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಕಟ್ಟುವುದನ್ನು ತಪ್ಪಿಸಬೇಡಿ.

ಮೊನ್ನೆ ಒಂದು ಗಿಣ್ಣನ್ನು ಬೇಕಂತಲೇ ಎಳೆದು ನೋಡಿದೆ. ಹಗ್ಗದ ನಾರು ಕಿತ್ತು ಬಂತು, ಬೇರು ಬಿಡಲಿಲ್ಲ. ಹಗ್ಗ ಮೂರು ವರ್ಷಕ್ಕೆ ಕೊಳೆಯುತ್ತೆ ಅಂತ ಭಾವನಿಗೆ ಚಿಂತೆ. ಲೆನ್ಸ್ ಹಿಡಿದು ತೋರಿಸಿದೆ. ನಾರಿನ ಸಂದಿಯಿಂದ ಇಳಿದ ಬಿಳಿ ಬೇರು ಆಗಲೇ ಸಿಮೆಂಟಿನ ಸಣ್ಣ ಗುಳಿಯೊಳಗೆ ಕೂತಿತ್ತು.