ಲಿಂಗ, ತಾಯತ, ಗಡ್ಡ, ಉಪವಾಸ: ಮಿಲಿಟರಿಗೆ ಹೊರಡುವ ಮುಂಚೆ ಗೊತ್ತಿರಬೇಕಾದ್ದು

ದಾವಣಗೆರೆ, ಹರಿಹರ, ಚಳ್ಳಕೆರೆ, ಹೊಸದುರ್ಗದ ಮನೆಗಳಿಂದ ಸೇನೆಗೆ ಹೊರಡುವ ಹುಡುಗರ ಕೊರಳಲ್ಲೋ ತೋಳಲ್ಲೋ ಏನಾದರೊಂದು ಇದ್ದೇ ಇರುತ್ತದೆ: ಇಷ್ಟಲಿಂಗ, ಜನಿವಾರ, ದುಗ್ಗಮ್ಮನ ದಾರ, ದರ್ಗಾದ ತಾಯತ, ಶಿಲುಬೆ. ಅದನ್ನು ಬಿಚ್ಚಿಡಬೇಕೋ ಇಟ್ಟುಕೊಳ್ಳಬಹುದೋ, ಪಲ್ಟನ್ನಿನಲ್ಲಿ (ಸೇನೆಯ ತುಕಡಿಯಲ್ಲಿ) ಬೇರೆ ಧರ್ಮದವರ ಪೂಜೆಗೆ ಕರೆದರೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಓಟ, ಎದೆಯಳತೆ ಕಲಿಸುವ ತರಬೇತಿಗಳು ಮುಟ್ಟುವುದೇ ಇಲ್ಲ. ಈ ಬರಹ ಅಂಥ ಹುಡುಗರಿಗೆ, ಅವರ ತಂದೆತಾಯಿಗೆ, ಮುಂದೆ ನಾಯಕ್, ಹವಾಲ್ದಾರ್ ಆಗಿ ಹತ್ತು ಜನರನ್ನು ನಡೆಸುವವರಿಗೆ.

ಮೊದಲು ಕಾನೂನು. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಧರ್ಮ ಪಾಲನೆಯ ಹಕ್ಕು ಕೊಡುತ್ತದೆ. 33ನೇ ವಿಧಿಯು ಸೈನಿಕರ ಮಟ್ಟಿಗೆ ಮೂಲಭೂತ ಹಕ್ಕುಗಳನ್ನು ಎಷ್ಟು ಮಿತಿಗೊಳಿಸಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಇನ್ನೊಂದು ಕಡೆ, 1950ರ ಸೇನಾ ಕಾಯ್ದೆಯ 64ನೇ ಕಲಮು ಪೂಜಾಸ್ಥಳವನ್ನು ಅಪವಿತ್ರಗೊಳಿಸುವುದನ್ನೂ ಯಾರದೇ ಧಾರ್ಮಿಕ ಭಾವನೆಗೆ ಬೇಕೆಂದೇ ನೋವು ಮಾಡುವುದನ್ನೂ ಅಪರಾಧವೆಂದು ಎಣಿಸುತ್ತದೆ. ನಿಮ್ಮ ನಂಬಿಕೆಯನ್ನು ಯಾರೂ ಹೀಯಾಳಿಸುವಂತಿಲ್ಲ. ನಿಮ್ಮ ನಂಬಿಕೆಯನ್ನು ಮುಂದಿಟ್ಟು ನೀವು ಆದೇಶ ಮೀರುವಂತೆಯೂ ಇಲ್ಲ. ಕೆಳಗಿನದೆಲ್ಲ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ಕಾಗದಪತ್ರ

ಭರ್ತಿಗೆ ಜಾತಿ ಪ್ರಮಾಣಪತ್ರ ಕೇಳುತ್ತಾರೆ. ಅದರಲ್ಲಿ ಹಿಂದೂ, ಮುಸ್ಲಿಂ, ಸಿಖ್, ಕ್ರಿಶ್ಚಿಯನ್ ಎಂದು ಧರ್ಮದ ಹೆಸರು ಇಲ್ಲದಿದ್ದರೆ ತಹಶೀಲ್ದಾರರಿಂದ ಧರ್ಮದ ಪ್ರಮಾಣಪತ್ರವನ್ನು ಬೇರೆಯಾಗಿ ತರಬೇಕು. ನಮ್ಮ ಕಡೆ ನಾಡಕಚೇರಿಯಲ್ಲಿ ಸಿಗುವ ಪತ್ರದಲ್ಲಿ ಜಾತಿ ಮಾತ್ರ ಇದ್ದು ಧರ್ಮ ಇಲ್ಲದಿರಬಹುದು. ಅದನ್ನು ರ‍್ಯಾಲಿಯ ಹಿಂದಿನ ದಿನ ಗಮನಿಸಿ ಪ್ರಯೋಜನವಿಲ್ಲ. ಅಧಿಸೂಚನೆ ಬಂದ ವಾರದಲ್ಲೇ ತಾಲ್ಲೂಕು ಕಚೇರಿಗೆ ಹೋಗಿ. ಹೆಸರು, ತಂದೆಯ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಲಿಂಗಾಯತ ಮನೆಗಳಲ್ಲಿ ಧರ್ಮದ ಜಾಗದಲ್ಲಿ ಏನು ಬರೆಯಬೇಕೆಂಬ ಚರ್ಚೆ ನಡೆಯುವುದುಂಟು. ಆ ಚರ್ಚೆಗೆ ಭರ್ತಿ ಮೈದಾನ ಜಾಗವಲ್ಲ. ಪ್ರಮಾಣಪತ್ರದಲ್ಲಿ ಏನಿದೆಯೋ ಅದನ್ನೇ ಎಲ್ಲ ಫಾರಂಗಳಲ್ಲೂ ಬರೆಯಿರಿ. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಬರೆದರೆ ದಾಖಲೆ ಪರಿಶೀಲನೆಯಲ್ಲಿ ತಡೆ ಬೀಳುತ್ತದೆ.

ಧರ್ಮ ಏಕೆ ಕೇಳುತ್ತಾರೆ? ಸೇವೆಯಲ್ಲಿರುವಾಗ ಸಾವು ಸಂಭವಿಸಿದರೆ ಅಂತ್ಯಕ್ರಿಯೆ ಯಾವ ವಿಧಿಯಲ್ಲಿ ಆಗಬೇಕೆಂಬುದಕ್ಕೂ ಈ ದಾಖಲೆ ಬೇಕು. ಇಲ್ಲೊಂದು ಸೂಕ್ಷ್ಮವಿದೆ. ದಾಖಲೆಯಲ್ಲಿ ‘ಹಿಂದೂ’ ಎಂದಿರುವ ಲಿಂಗಾಯತ ಹುಡುಗನ ಮನೆಯಲ್ಲಿ ದಹನ ಮಾಡುವುದಿಲ್ಲ, ಮಣ್ಣು ಮಾಡುತ್ತಾರೆ ಎಂಬುದು ಉತ್ತರ ಭಾರತದ ಅಧಿಕಾರಿಗೆ ಗೊತ್ತಿರಬೇಕೆಂದಿಲ್ಲ. ಮನೆಯ ಹಿರಿಯರು ಇದನ್ನು ಮಗನೊಂದಿಗೆ ಒಮ್ಮೆ ಮಾತಾಡಿಕೊಳ್ಳಿ. ಮಗ ತನ್ನ ಕಂಪನಿಯ ಹಿರಿಯ ಜೆಸಿಒಗೆ (ಸೂಬೇದಾರ್ ಮಟ್ಟದ ಅಧಿಕಾರಿಗೆ) ತಿಳಿಸಿಟ್ಟಿರಲಿ. ಬಾಯಿಗೆ ಬರದ ಮಾತು, ನಿಜ. ಆದರೂ ಹೊರಡುವ ಮುಂಚೆಯೇ ಆಗಬೇಕಾದ ಮಾತು.

ಮೈಮೇಲೆ ಏನಿರಬಹುದು

ಸಮವಸ್ತ್ರದ ಹೊರಗೆ ಕಾಣುವಂಥದ್ದು ಬೇಡ, ಒಳಗೆ ಸುರಕ್ಷಿತವಾಗಿ ಇರುವಂಥದ್ದು ಸಾಮಾನ್ಯವಾಗಿ ನಡೆಯುತ್ತದೆ. ಹಣೆಯ ವಿಭೂತಿ, ಕುಂಕುಮ, ಮಣಿಕಟ್ಟಿನ ದಾರ, ಎದ್ದು ಕಾಣುವ ತಾಯತ ಇವೆಲ್ಲ ಸಾಲಾಗಿ ನಿಲ್ಲುವ ಫಾಲ್‌ಇನ್‌ಗೆ ಮುಂಚೆ ಹೋಗಬೇಕು. ವಿಭೂತಿಯನ್ನು ಬೆಳಿಗ್ಗೆ ಹಚ್ಚಿ ಒರೆಸಿಕೊಂಡು ಹೋಗುವುದಕ್ಕಿಂತ ಸಂಜೆ ರೋಲ್‌ಕಾಲ್ ಮುಗಿದ ಮೇಲೆ ಹಚ್ಚುವುದು ಮೇಲು.

ಇಷ್ಟಲಿಂಗದ ಬಗ್ಗೆ ವಿವರವಾಗಿ ಹೇಳಬೇಕು. ಲಿಂಗ ಇಡುವ ಬೆಳ್ಳಿಯ ಕರಡಿಗೆ ಮನೆಯಲ್ಲೇ ಇರಲಿ. ಹಗ್ಗ ಹತ್ತುವಾಗ, ತೆವಳುವಾಗ ಅದು ಎದೆಯ ಮೂಳೆಗೆ ಬಡಿದು ಗಾಯ ಮಾಡುತ್ತದೆ. ಬ್ಯಾರಕ್ಕಿನಲ್ಲಿ ಬಿಚ್ಚಿಟ್ಟರೆ ಕಳುವಿನ ಭಯ. ಲಿಂಗವನ್ನು ಒಗೆದ ಹತ್ತಿಬಟ್ಟೆಯ ಲಿಂಗವಸ್ತ್ರದಲ್ಲಿ ಸುತ್ತಿ ಗಂಟು ಹಾಕಿ. ಶಿವದಾರವನ್ನು ಗಿಡ್ಡ ಮಾಡಿ; ಕಾಲರಿನಿಂದ ಹೊರಗೆ ಇಣುಕದೆ, ಬನಿಯನ್ನಿನ ಒಳಗೆ ಎದೆಯ ನಡುವೆ ಕೂರುವಷ್ಟಿದ್ದರೆ ಸಾಕು. ನೈಲಾನ್ ದಾರ ಹಾಕಬೇಡಿ. ಅಡೆತಡೆ ದಾಟುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಹತ್ತಿಯ ದಾರ ಹರಿಯುತ್ತದೆ, ನೈಲಾನ್ ಕುತ್ತಿಗೆಯನ್ನೇ ಹಿಡಿಯುತ್ತದೆ. ಜನಿವಾರಕ್ಕೂ ತಾಯತಕ್ಕೂ ಶಿಲುಬೆಗೂ ಇದೇ ಮಾತು. ಬದಲಿ ದಾರ ಎರಡು, ಬದಲಿ ವಸ್ತ್ರ ಎರಡು ಪೆಟ್ಟಿಗೆಯಲ್ಲಿರಲಿ. ಬೆವರಿನ ಬಟ್ಟೆ ದಿನವೂ ಬದಲಾಗದಿದ್ದರೆ ಎದೆಯ ಮೇಲೆ ಕಜ್ಜಿ ಏಳುತ್ತದೆ. ವೈದ್ಯಕೀಯ ತಪಾಸಣೆ, ಎಕ್ಸ್‌ರೇ, ಈಜಿನ ಹೊತ್ತಿಗೆ ಬಿಚ್ಚಿ ಎನ್ನುತ್ತಾರೆ. ವಾದ ಮಾಡದೆ ಬಿಚ್ಚಿ ಒಂದು ಚಿಕ್ಕ ಚೀಲದಲ್ಲಿಟ್ಟು ಗೆಳೆಯನ ಕೈಗೆ ಕೊಡಿ, ಮುಗಿದ ಕೂಡಲೇ ಧರಿಸಿ.

ಪೂಜೆ, ನಮಾಜು ಮಂಚದ ಪಕ್ಕದ ಜಾಗದಲ್ಲೇ ಆಗುತ್ತದೆ. ಊದುಬತ್ತಿ, ಕರ್ಪೂರ, ದೀಪ ಬ್ಯಾರಕ್ಕಿನಲ್ಲಿ ಹಚ್ಚಲೇಬೇಡಿ. ಒಂದು ಕಿಡಿಗೆ ಹಾಸಿಗೆಗಳೆಲ್ಲ ಹೊತ್ತಿಕೊಳ್ಳುವ ಜಾಗ ಅದು. ನಸುಕಿನ ಫಜ್ರ್ ನಮಾಜು ಪಿ.ಟಿ.ಗೆ ಮುಂಚೆ ಮುಗಿಯಬೇಕು. ಶುಕ್ರವಾರದ ನಮಾಜಿಗೆ ಹೋಗಬೇಕಿದ್ದರೆ ಹವಾಲ್ದಾರರಿಗೆ ಗುರುವಾರವೇ ಹೇಳಿ.

ಗಡ್ಡದ ವಿಷಯ ಖಚಿತವಾಗಿದೆ. ಭೂಸೇನೆ, ವಾಯುಸೇನೆಯಲ್ಲಿ ಸಿಖ್ಖರಿಗೆ ಕೇಶ, ಗಡ್ಡ ಉಂಟು. ವಾಯುಸೇನೆಯ ಮುಸ್ಲಿಂ ಕಾರ್ಪೊರಲ್ ಒಬ್ಬರು ಗಡ್ಡಕ್ಕೆ ಅನುಮತಿ ಕೋರಿದ್ದ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2016ರ ಡಿಸೆಂಬರ್ 15ರಂದು ಅವರ ವಿರುದ್ಧ ತೀರ್ಮಾನವಾಯಿತು. ವಾಯುಸೇನಾ ನಿಯಮ 425ರ ಪ್ರಕಾರ, ಕೂದಲು ಕತ್ತರಿಸುವುದನ್ನು ಅಥವಾ ಮುಖ ಕ್ಷೌರವನ್ನು ಧರ್ಮವೇ ನಿಷೇಧಿಸಿದ್ದರೆ ಮಾತ್ರ ವಿನಾಯಿತಿ. ಗಡ್ಡ ಬಿಡುವುದು ಒಳ್ಳೆಯದೆಂದು ಧರ್ಮ ಹೇಳಿದರಷ್ಟೇ ಸಾಲದು. ನೌಕಾಸೇನೆಯಲ್ಲಿ ಮಾತ್ರ ಯಾವ ಧರ್ಮದವರಾದರೂ ಕಮಾಂಡಿಂಗ್ ಆಫೀಸರ್ ಅನುಮತಿ ಪಡೆದು ಗಡ್ಡ ಬಿಡಬಹುದು. ಗಡ್ಡ ನಿಮಗೆ ಬಿಡಲಾಗದ ವಿಷಯವಾದರೆ ಅರ್ಜಿ ಹಾಕುವ ಮುಂಚೆಯೇ ಇದನ್ನು ಯೋಚಿಸಿ.

ಮಂದಿರ್ ಪರೇಡ್

ಹುಡುಗರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿ. ಪಲ್ಟನ್ನಿನಲ್ಲಿ ಸಾಮಾನ್ಯವಾಗಿ ಭಾನುವಾರ ಎಲ್ಲರೂ ಒಟ್ಟಾಗಿ ಮಂದಿರ, ಗುರುದ್ವಾರ ಅಥವಾ ಸರ್ವಧರ್ಮ ಸ್ಥಳಕ್ಕೆ ಹೋಗುತ್ತಾರೆ. ಹೆಸರಿನಲ್ಲೇ ಪರೇಡ್ ಎಂದಿದೆ: ಹಾಜರಾತಿ ಉಂಟು. ಒಂದೇ ಸಮುದಾಯದವರು ಹೆಚ್ಚಿರುವ ರೆಜಿಮೆಂಟುಗಳಲ್ಲಿ ಆ ಸಮುದಾಯದ ಪೂಜಾಸ್ಥಳವೇ ಇಡೀ ಪಲ್ಟನ್ನಿನದು. ಎಲ್ಲ ರಾಜ್ಯ, ಎಲ್ಲ ಧರ್ಮದವರು ಬೆರೆತಿರುವ ಘಟಕಗಳಲ್ಲಿ ಒಂದೇ ಸೂರಿನಡಿ ಎಲ್ಲ ದೇವರೂ ಇರುವುದುಂಟು. ಅಧಿಕಾರಿ ತನ್ನ ಜವಾನರ ಧರ್ಮದ ಆಚರಣೆಯಲ್ಲಿ ಅವರೊಂದಿಗೆ ನಿಲ್ಲುವುದು ಭಾರತೀಯ ಸೇನೆಯ ಹಳೆಯ ರೂಢಿ.

ಮಾಡಬೇಕಾದ್ದು ಇಷ್ಟು. ಫಾಲ್‌ಇನ್‌ಗೆ ಸಮಯಕ್ಕೆ ನಿಲ್ಲಿ. ಬಾಗಿಲಲ್ಲಿ ಬೂಟು, ಚರ್ಮದ ಬೆಲ್ಟು ಬಿಚ್ಚಿ, ಕೈ ತೊಳೆಯಿರಿ. ಗುರುದ್ವಾರವಾದರೆ ತಲೆಗೆ ವಸ್ತ್ರ ಕಟ್ಟಿ. ಒಳಗೆ ನಿಮ್ಮ ಸಾಲಿನಲ್ಲಿ ಕುಳಿತು ಸುಮ್ಮನಿರಿ. ಪ್ರಸಾದವನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಿ. ತಿನ್ನಲಾಗದಿದ್ದರೆ ಹೊರಗೆ ಬಂದ ಮೇಲೆ ಪಕ್ಕದವನಿಗೆ ಕೊಡಿ. ಒಳಗೇ ಕೈ ಹಿಂದೆಗೆದರೆ ಅದನ್ನು ಎಲ್ಲರೂ ನೋಡುತ್ತಾರೆ, ಅವಮಾನವೆಂದೇ ತಿಳಿಯುತ್ತಾರೆ. ಮನಸ್ಸಿನಲ್ಲಿ ಯಾರನ್ನು ನೆನೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲ.

ಯಾವುದೋ ಒಂದು ವಿಧಿ ನಿಮ್ಮ ನಂಬಿಕೆಗೆ ನಿಜಕ್ಕೂ ಒಗ್ಗದಿದ್ದರೆ ಅದನ್ನು ಹೇಳಲು ಹೊತ್ತಿದೆ, ಕ್ರಮವಿದೆ. ಎರಡು ದಿನ ಮೊದಲು ನಿಮ್ಮದೇ ಧರ್ಮದ ಧರ್ಮಗುರುವನ್ನು ಕಂಡು ಮಾತಾಡಿ. ಸೇನೆಯಲ್ಲಿ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಕು ಹುದ್ದೆಗಳಿವೆ. ಅವರೆಲ್ಲ ನಾಯಬ್ ಸೂಬೇದಾರ್ ದರ್ಜೆಗೆ ಸೇರಿ ಪುಣೆಯ ರಾಷ್ಟ್ರೀಯ ಏಕತಾ ಸಂಸ್ಥೆಯಲ್ಲಿ ಎಲ್ಲ ಧರ್ಮಗಳ ಬಗ್ಗೆ ತರಬೇತಿ ಪಡೆದವರು. ಅವರ ಮಾತಿನಿಂದಲೂ ಸಮಾಧಾನವಾಗದಿದ್ದರೆ ಸೆಕ್ಷನ್ ಕಮಾಂಡರ್ ಮೂಲಕ ಸೂಬೇದಾರ್ ಸಾಬ್ ಬಳಿ, ಅಲ್ಲಿಂದ ಕಂಪನಿ ಕಮಾಂಡರ್ ಇಂಟರ್‌ವ್ಯೂಗೆ ಹೋಗಿ. ಏನು ಬೇಡ ಎನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳಿ: ‘ಸಾಬ್, ಪರೇಡಿಗೆ ಬರುತ್ತೇನೆ, ಸಾಲಿನಲ್ಲಿ ನಿಲ್ಲುತ್ತೇನೆ, ಆರತಿ ತಟ್ಟೆ ಹಿಡಿಯುವುದಕ್ಕೆ ಮಾತ್ರ ಬೇರೆಯವರನ್ನು ಇಡಿ.’ ಹಾಜರಾತಿಯನ್ನೇ ಬಿಟ್ಟುಕೊಡಿ ಎಂದು ಕೇಳಿದರೆ ಸಿಗುವುದು ಕಷ್ಟ. ಇಷ್ಟು ಸಣ್ಣದನ್ನು ಮುಂಚಿತವಾಗಿ ಕೇಳಿದರೆ ದಾರಿ ಸಿಗುವ ಸಾಧ್ಯತೆ ಹೆಚ್ಚು. ಆದೇಶ ಬಿದ್ದ ಮೇಲೆ, ಜನರ ಎದುರು, ಆಗದು ಎಂದರೆ ವಿಷಯ ಧರ್ಮದ್ದಾಗಿ ಉಳಿಯುವುದಿಲ್ಲ. ಸೇನಾ ಕಾಯ್ದೆಯ 41ನೇ ಕಲಮಿನ ಆಜ್ಞೋಲ್ಲಂಘನೆಯಾಗುತ್ತದೆ. ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ (ಶಿಕ್ಷೆಯ ನಮೂದು) ಬಿದ್ದರೆ 4 ವರ್ಷದ ಅವಧಿಗೆ ಸೇರಿದ ಅಗ್ನಿವೀರನಿಗೆ ಮುಂದುವರಿಯುವ ಅವಕಾಶ ಅಲ್ಲಿಗೇ ಕುಂದುತ್ತದೆ.

ಅಧಿಕಾರಿಗಳಿಗೆ ಅಳತೆಗೋಲು ಇನ್ನೂ ಬಿಗಿ. 3ನೇ ಕ್ಯಾವಲ್ರಿಯ ಕ್ರೈಸ್ತ ಲೆಫ್ಟಿನೆಂಟ್ ಒಬ್ಬರು ಪರೇಡಿಗೆ ಬರುತ್ತಿದ್ದರು, ಅಂಗಳದಲ್ಲಿ ನಿಲ್ಲುತ್ತಿದ್ದರು, ಗರ್ಭಗುಡಿಯೊಳಗೆ ಮಾತ್ರ ಕಾಲಿಡಲಾರೆ ಎಂದರು. 2021ರಲ್ಲಿ ಸೇವೆಯಿಂದ ತೆಗೆಯಲಾಯಿತು. ದೆಹಲಿ ಹೈಕೋರ್ಟ್ 2025ರ ಮೇ 30ರಂದು ಆ ಕ್ರಮವನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ನವೆಂಬರ್ 25ರಂದು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ತನ್ನ ತುಕಡಿಯ ಜವಾನರನ್ನು ಮುನ್ನಡೆಸುವವನು ಅವರಿಂದ ದೂರ ನಿಲ್ಲಬಾರದು ಎಂಬುದೇ ಇಲ್ಲಿ ತೂಗಿದ್ದು. ಆ ತೀರ್ಪನ್ನು ಒಪ್ಪದವರೂ ಇದ್ದಾರೆ. ಆದರೆ ಇಂದು ನಡೆಯುವ ಕಾನೂನು ಅದೇ. ಅಧಿಕಾರಿಯಾಗಬೇಕೆಂದು ಎನ್‌ಡಿಎ, ಸಿಡಿಎಸ್‌ಗೆ ಓದುತ್ತಿರುವವರು ಇದನ್ನು ಈಗಲೇ ಯೋಚಿಸಿ.

ಯುದ್ಧಘೋಷವೂ ಹೀಗೆಯೇ. ಮದ್ರಾಸ್ ರೆಜಿಮೆಂಟಿನ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ ಎಂಬುದರಲ್ಲಿ ದೇವರ ಹೆಸರಿಲ್ಲ. ರಜಪೂತ್ ರೆಜಿಮೆಂಟಿನದರಲ್ಲಿ ಬಜರಂಗಬಲಿ ಇದ್ದಾನೆ, ಸಿಖ್ಖರದರಲ್ಲಿ ‘ಸತ್ ಶ್ರೀ ಅಕಾಲ್’ ಇದೆ. ಅದು ಆ ಪಲ್ಟನ್ನಿನ ಗುರುತು. ಕೂಗಿದ ಮಾತ್ರಕ್ಕೆ ಯಾರ ಧರ್ಮವೂ ಬದಲಾಗದು.

ಪ್ರಮಾಣವಚನದಲ್ಲಿ ಆಯ್ಕೆ ಇದೆ. ‘ದೇವರ ಹೆಸರಿನಲ್ಲಿ’ ಎನ್ನಬಹುದು, ದೇವರನ್ನು ಸೇರಿಸದೆ ದೃಢೀಕರಣ ಮಾಡಬಹುದು. ಕಾಯ್ದೆಯ 17ನೇ ಕಲಮಿನಂತೆ ಎರಡರಲ್ಲೂ ನಿಷ್ಠೆ ಸಂವಿಧಾನಕ್ಕೆ.

ಉಪವಾಸ, ಊಟ, ರಜೆ

ರಂಜಾನ್, ಶಿವರಾತ್ರಿ, ಏಕಾದಶಿ ಯಾವುದಿದ್ದರೂ ಮುಂಚೆಯೇ ತಿಳಿಸಿ. 5 ಕಿಲೋಮೀಟರ್ ಓಟ, ಫೈರಿಂಗ್ ಇರುವ ದಿನ ನೀರಿಲ್ಲದೆ ನಿಂತರೆ ಬಿಸಿಲಿನ ಹೊಡೆತಕ್ಕೆ ಕುಸಿಯುತ್ತೀರಿ, ಆಗ ಎಂ.ಐ. ರೂಮಿನಲ್ಲಿ (ಪಲ್ಟನ್ನಿನ ಚಿಕಿತ್ಸಾ ಕೊಠಡಿಯಲ್ಲಿ) ವೈದ್ಯರು ಕೇಳುವ ಮೊದಲ ಪ್ರಶ್ನೆ ಏಕೆ ಹೇಳಲಿಲ್ಲ ಎಂಬುದೇ. ತರಬೇತಿಯ ಕಠಿಣ ವಾರಗಳಲ್ಲಿ ಉಪವಾಸ ಮುಂದೂಡುವುದು ತಪ್ಪಲ್ಲ. ಬಿಟ್ಟ ದಿನಗಳನ್ನು ಆಮೇಲೆ ತುಂಬಿಸಿಕೊಳ್ಳಲು ಬಹಳಷ್ಟು ಸಂಪ್ರದಾಯಗಳಲ್ಲಿ ಅವಕಾಶವಿದೆ. ಮಾಂಸ ತಿನ್ನದವರು ಲಂಗರಿನಲ್ಲಿ (ಪಲ್ಟನ್ನಿನ ಅಡುಗೆಮನೆಯಲ್ಲಿ) ಮೊದಲ ದಿನವೇ ಹೆಸರು ಬರೆಸಿದರೆ ಬದಲಿ ರೇಷನ್ ಸಿಗುತ್ತದೆ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ ರಜೆ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು, ಈದ್, ಯುಗಾದಿ ಎಲ್ಲಕ್ಕೂ ಸಾಲದು. ಯಾವುದು ಬೇಕೆಂದು ವರ್ಷದ ಆರಂಭದಲ್ಲೇ ತೀರ್ಮಾನಿಸಿ.

ನೀವೇ ಮೇಲಿನವರಾದಾಗ

ಕೈಕೆಳಗಿನವರ ಡ್ಯೂಟಿ ಹಾಕುವಾಗ ಪಂಚಾಂಗವನ್ನೂ ಈದ್ ದಿನಾಂಕವನ್ನೂ ಜೊತೆಗಿಟ್ಟುಕೊಳ್ಳಿ. ದೀಪಾವಳಿಯ ರಾತ್ರಿ ಕಾವಲಿಗೆ ಬೇರೆ ಧರ್ಮದವರು, ಈದ್ ದಿನ, ಕ್ರಿಸ್‌ಮಸ್ ದಿನ ಹಿಂದೂಗಳು ನಿಂತರೆ ಯಾರಿಗೂ ಹೇಳಬೇಕಾದ್ದೇನೂ ಉಳಿಯುವುದಿಲ್ಲ. ಊರಿನವನು, ಜಾತಿಯವನು ಎಂದು ಹಗುರ ಡ್ಯೂಟಿ ಕೊಟ್ಟರೆ ಒಂದೇ ವಾರದಲ್ಲಿ ಇಡೀ ಬ್ಯಾರಕ್ಕಿಗೆ ಗೊತ್ತಾಗುತ್ತದೆ. ಕೈಕೆಳಗಿನವರಿಗೆ ನಿಮ್ಮ ಮಠದ, ಮಸೀದಿಯ, ಚರ್ಚಿನ ಕರಪತ್ರ ಹಂಚಬೇಡಿ, ಚಂದಾ ಕೇಳಬೇಡಿ. ಮೇಲಿನವನು ಕೇಳಿದರೆ ಇಲ್ಲ ಎನ್ನುವ ಧೈರ್ಯ ಅವರಿಗಿರುವುದಿಲ್ಲ. ಧರ್ಮ ಹಿಡಿದು ಮಾಡುವ ಗೇಲಿಯನ್ನು ಮೊದಲ ದಿನವೇ ನಿಲ್ಲಿಸಿ.

ನಿಮಗೇ ಅನ್ಯಾಯವಾದರೆ ಸೇನಾ ಕಾಯ್ದೆಯ 26ನೇ ಕಲಮು ಇದೆ: ದೂರನ್ನು ಕಂಪನಿ ಕಮಾಂಡರ್‌ಗೆ ಕೊಡಬೇಕು, ದೂರು ಅವರ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ದಿನಾಂಕ, ಜಾಗ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆಯಿರಿ. ಸುಳ್ಳು ದೂರಿಗೂ ಶಿಕ್ಷೆಯುಂಟು. ಫೋನಿನಲ್ಲಿ ವಿಡಿಯೊ ಮಾಡಿ ಊರಿನ ಗ್ರೂಪಿಗೆ ಹಾಕಿದರೆ ನ್ಯಾಯ ನಿಮ್ಮ ಕಡೆಗಿದ್ದರೂ ಪೇಶಿ (ಅಧಿಕಾರಿಯ ಮುಂದಿನ ವಿಚಾರಣೆ) ನಿಮ್ಮದೇ ಆಗುತ್ತದೆ.

ರಜೆಯಲ್ಲಿ ಊರಿಗೆ ಬಂದಾಗ

ಜಾತ್ರೆಗೆ, ಉರುಸಿಗೆ ಭಕ್ತರಾಗಿ ಹೋಗಿ, ತೇರು ಎಳೆಯಿರಿ, ಸಮವಸ್ತ್ರ ಬೇಡ. ಊರಿನವರು ಯೋಧನೆಂದು ಮೆರವಣಿಗೆಯ ಮುಂದೆ ನಿಲ್ಲಿಸಿ ಹಾರ ಹಾಕಲು ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಆದರೆ ಅದೇ ವೇದಿಕೆಯಲ್ಲಿ ರಾಜಕೀಯದವರು ಕುಳಿತಿದ್ದರೆ ಕೆಳಗೇ ಉಳಿಯಿರಿ. ಸಮಾಜದ ಸಂಘ, ಮಠದ ಸಮಿತಿ, ಮಸೀದಿ ಕಮಿಟಿಯಲ್ಲಿ ಹೆಸರು ಸೇರಿಸಲು ಕೇಳಿದರೆ ಕೂಡಲೇ ಒಪ್ಪಬೇಡಿ. 1954ರ ಸೇನಾ ನಿಯಮಗಳ 19ನೇ ನಿಯಮದ ಪ್ರಕಾರ ಧಾರ್ಮಿಕ ಸಂಸ್ಥೆಯಲ್ಲಿ ಸಕ್ರಿಯವಾಗಲು ಮೇಲಧಿಕಾರಿಯ ಪೂರ್ವಾನುಮತಿ ಬೇಕು. ಸಂಘದ ಹೆಸರು, ಉದ್ದೇಶ, ನಿಮಗೆ ಕೊಡುವ ಸ್ಥಾನ ಇಷ್ಟನ್ನು ಬರೆದು ಅರ್ಜಿ ಕೊಡಿ, ಒಪ್ಪಿಗೆಯ ಪ್ರತಿ ಇಟ್ಟುಕೊಳ್ಳಿ. ಒಪ್ಪಿಗೆ ಬರುವ ತನಕ ಕರಪತ್ರದಲ್ಲಿ, ಫ್ಲೆಕ್ಸಿನಲ್ಲಿ ನಿಮ್ಮ ಹೆಸರು, ದರ್ಜೆ ಹಾಕದಂತೆ ಹಿರಿಯರಿಗೆ ಹೇಳಿಯೇ ರೈಲು ಹತ್ತಿ.