ಅಮೆರಿಕದಲ್ಲಿ ಟ್ರಕ್ ಓಡಿಸುತ್ತೀರಾ? 14 ಗಂಟೆ ಲೆಕ್ಕ ಮೊದಲು ಕಲಿಯಿರಿ

ಸಿಡಿಎಲ್ (ದೊಡ್ಡ ವಾಣಿಜ್ಯ ವಾಹನ ಓಡಿಸುವ ಲೈಸೆನ್ಸ್) ಕೈಗೆ ಬಂದ ಹೊಸಬರು 11 ಗಂಟೆ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಡ್ರೈವರ್ ಒಂದು ಪಾಳಿಯಲ್ಲಿ 11 ಗಂಟೆ ಸ್ಟೀರಿಂಗ್ ಹಿಡಿಯಬಹುದು, ಸರಿ. ಆದರೆ ನಿಮ್ಮ ದಿನವನ್ನು ತಿಂದು ಹಾಕುವುದು ಅದಲ್ಲ, 14. ಸತತ 10 ಗಂಟೆ ವಿಶ್ರಾಂತಿ ಮುಗಿಸಿ ಯಾವ ಕೆಲಸಕ್ಕೆ ಕೈ ಹಾಕಿದರೂ, ಬರೀ ಟೈರ್ ಲೈಟ್ ನೋಡಿದರೂ, ಅಲ್ಲಿಂದ 14 ಗಂಟೆ ಓಡಲು ಶುರು. ಊಟಕ್ಕೆ ಕೂತರೂ ಅದು ಓಡುತ್ತದೆ, ಗೋಡೌನ್ ಮುಂದೆ ಸುಮ್ನೆ ಕಾದರೂ ಓಡುತ್ತದೆ. ಮುಗಿದ ಮೇಲೆ 11ರಲ್ಲಿ 3 ಗಂಟೆ ಬಾಕಿ ಇದ್ದರೂ ಗಾಡಿ ಓಡಿಸುವ ಹಾಗಿಲ್ಲ.

ಹಾಗಾಗಿ ಮೊದಲ ಕೆಲಸ: ದಿನವನ್ನು ಬೇಗ ಶುರು ಮಾಡಬೇಡಿ. ಲೋಡಿಂಗ್ ಅಪಾಯಿಂಟ್ಮೆಂಟ್ 9ಕ್ಕೆ, ಜಾಗ ಒಂದು ಗಂಟೆ ದೂರ ಅಂದರೆ 7:30ರವರೆಗೆ ಮಲಗಿ. 5ಕ್ಕೇ ಎಚ್ಚರ ಆಯಿತು ಅಂತ ಲಾಗ್‌ನಲ್ಲಿ ಆನ್ ಡ್ಯೂಟಿ (ಕೆಲಸದಲ್ಲಿದ್ದೇನೆ) ಒತ್ತಿದರೆ ಸಂಜೆಯ ಎರಡೂವರೆ ಗಂಟೆಯನ್ನು ಬೆಳಿಗ್ಗೆಯೇ ಕಳೆದ ಹಾಗೆ. ಡಿಸೆಂಬರ್ 2017ರಿಂದ ಇಎಲ್‌ಡಿ, ಅಂದರೆ ಗಂಟೆಗಳನ್ನು ತಾನೇ ಬರೆದುಕೊಳ್ಳುವ ಎಲೆಕ್ಟ್ರಾನಿಕ್ ಲಾಗ್ ಯಂತ್ರ, ಕಡ್ಡಾಯ ಆಗಿದೆ. ಗಾಡಿ ಗಂಟೆಗೆ 5 ಮೈಲಿ ವೇಗ ದಾಟಿತು ಅಂದರೆ ಅದೇ ಡ್ರೈವಿಂಗ್ ಅಂತ ಬರೆದುಕೊಳ್ಳುತ್ತದೆ, ಆ ಸಮಯವನ್ನು ಆಮೇಲೆ ಕಡಿಮೆ ಮಾಡಲು ಆಗುವುದಿಲ್ಲ. ಕಾಗದದ ಲಾಗ್‌ಬುಕ್ ಕಾಲದ ಚಾಲಾಕಿತನ ಇಲ್ಲಿ ನಡೆಯುವುದಿಲ್ಲ.

ಒಟ್ಟು 8 ಗಂಟೆ ಓಡಿಸಿದ ಮೇಲೆ 30 ನಿಮಿಷ ಬಿಡುವು ಬೇಕು. 2020ರ ಬದಲಾವಣೆಯ ನಂತರ ಅದು ಆಫ್ ಡ್ಯೂಟಿಯೇ (ಪೂರ್ತಿ ಕೆಲಸದಿಂದ ಬಿಡುವು) ಆಗಬೇಕಿಲ್ಲ, ಓಡಿಸದೆ ಇದ್ದರೆ ಸಾಕು. ಡೀಸೆಲ್ ಹಾಕಿಸುವುದು, ಪೇಪರ್ ಕೆಲಸ, ಸರಕು ಇಳಿಸುವುದು ಎಲ್ಲ ಸೇರಿ ಒಂದೇ ಸಲಕ್ಕೆ 30 ನಿಮಿಷ ಆದರೆ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಅಂತ ಬೇರೆ ನಿಲ್ಲಿಸಬೇಡಿ.

ಈಗ ಸ್ಪ್ಲಿಟ್ ಸ್ಲೀಪರ್ (ಸ್ಲೀಪರ್ ಅಂದರೆ ಟ್ರಕ್ ಕ್ಯಾಬಿನ್‌ನಲ್ಲೇ ಇರುವ ಹಾಸಿಗೆ). ಇದು ಅರ್ಥ ಆಗುವವರೆಗೆ ಹಿಂಸೆ, ಆದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ. 10 ಗಂಟೆ ವಿಶ್ರಾಂತಿಯನ್ನು ಎರಡು ತುಂಡು ಮಾಡಬಹುದು: ಒಂದು ತುಂಡು ಕನಿಷ್ಠ 7 ಗಂಟೆ, ಸ್ಲೀಪರ್‌ನಲ್ಲೇ ಇರಬೇಕು, ಇನ್ನೊಂದು ಕನಿಷ್ಠ 2 ಗಂಟೆ, ಸ್ಲೀಪರ್ ಅಥವಾ ಆಫ್ ಡ್ಯೂಟಿ, ಎರಡೂ ಸೇರಿ 10 ಆಗಬೇಕು. ಆಗ ಎರಡೂ 14ರಲ್ಲಿ ಸೇರುವುದಿಲ್ಲ. ಬೆಳಿಗ್ಗೆ 6ಕ್ಕೆ ಹೊರಟು 9ಕ್ಕೆ ಗೋಡೌನ್ ತಲುಪಿದಿರಿ ಅಂದುಕೊಳ್ಳಿ, ಅವರು ಮಧ್ಯಾಹ್ನ 1ರವರೆಗೆ ಕಾಯಿಸಿದರು, ಆ 4 ಗಂಟೆ ನೀವು ಸ್ಲೀಪರ್‌ನಲ್ಲಿ ಮಲಗಿದಿರಿ. ಮಾಮೂಲಿ ಲೆಕ್ಕದಲ್ಲಿ ನಿಮ್ಮ 14 ರಾತ್ರಿ 8ಕ್ಕೆ ಮುಗಿಯಿತು. ಸ್ಪ್ಲಿಟ್‌ನಲ್ಲಿ ಮಧ್ಯರಾತ್ರಿ 12ರವರೆಗೆ ಸಮಯ ಇದೆ. ಉಳಿದ 8 ಗಂಟೆ ಓಡಿಸಿ, ನಡುವೆ ಊಟ ಗೀಟ ಮುಗಿಸಿ, 10ಕ್ಕೆ ನಿಲ್ಲಿಸಿ 7 ಗಂಟೆ ಮಲಗಿದರೆ ಬೆಳಿಗ್ಗೆ 5ಕ್ಕೆ ಹೊರಡಬಹುದು. ಎಡವುವುದು ಇಲ್ಲೇ. 5ಕ್ಕೆ ಎದ್ದಾಗ ಪೂರ್ತಿ 11 ಸಿಗುವುದಿಲ್ಲ, ಲೆಕ್ಕ ಹಿಂದಿನ ದಿನ ಮಧ್ಯಾಹ್ನ 1ರಿಂದ ಹಿಡಿಯಬೇಕು, ಆದ್ದರಿಂದ ಓಡಿಸಲು ಬರೀ 3 ಗಂಟೆ, ಒಟ್ಟು ಸಮಯ 5 ಗಂಟೆ. ಹತ್ತಿರದಲ್ಲೇ ಡೆಲಿವರಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 8ರವರೆಗೆ ಮಲಗಿ, ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ವಾರದ ಲೆಕ್ಕ ಸುಲಭ. ಬಹಳ ಕಂಪನಿಗಳಲ್ಲಿ 8 ದಿನಕ್ಕೆ 70 ಗಂಟೆ, ಆನ್ ಡ್ಯೂಟಿ ಸೇರಿ. ದಿನಕ್ಕೆ ಎಂಟೂವರೆ ಗಂಟೆ ಮೀರದಿದ್ದರೆ 70 ಮುಗಿಯುವುದೇ ಇಲ್ಲ, ಹಳೆಯ ದಿನದ ಗಂಟೆಗಳು ದಿನಾ ವಾಪಸ್ ಬರುತ್ತಾ ಇರುತ್ತವೆ. ಜಾಸ್ತಿ ಓಡಿಸುವವರು ಸತತ 34 ಗಂಟೆ ರಜೆ ಹಾಕಿ ಸೊನ್ನೆಯಿಂದ ಶುರು ಮಾಡುತ್ತಾರೆ.

ಗಂಟೆಗಿಂತ ದೊಡ್ಡ ತಲೆನೋವು ಪಾರ್ಕಿಂಗ್. ಸಂಜೆ ಆದರೆ ದೊಡ್ಡ ಊರುಗಳ ಸುತ್ತ ಲವ್ಸ್, ಪೈಲಟ್‌ನಂಥ ಟ್ರಕ್ ಸ್ಟಾಪ್‌ಗಳೆಲ್ಲ ಭರ್ತಿ. 14 ಮುಗಿಯುವ ಒಂದು ಗಂಟೆ ಮೊದಲೇ ಜಾಗ ಹಿಡಿಯಿರಿ, ದುಡ್ಡು ಕೊಟ್ಟು ಕಾದಿರಿಸುವುದಾದರೂ ಪರವಾಗಿಲ್ಲ. 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಎಂಬ ಡ್ರೈವರ್ ಡೆಲಿವರಿಗೆ ಮುಂಚೆಯೇ ತಲುಪಿ, ನಿಲ್ಲಿಸಲು ಜಾಗ ಸಿಗದೆ ಸೌತ್ ಕ್ಯಾರೊಲಿನಾದ ಪಾಳು ಬಿದ್ದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದಾಗ ದರೋಡೆಗೆ ಬಂದವನ ಗುಂಡಿಗೆ ಸತ್ತರು. ಟ್ರಕ್ ಪಾರ್ಕಿಂಗ್‌ಗಾಗಿ 2012ರಲ್ಲಿ ಬಂದ ಜೇಸನ್ ಕಾನೂನಿಗೆ ಅವರದೇ ಹೆಸರು. ಜಾಗದ ಕೊರತೆ ಮಾತ್ರ ಇನ್ನೂ ಹಾಗೇ ಇದೆ.

ಗೋಡೌನ್‌ನಲ್ಲೇ ಗಂಟೆ ಮುಗಿದು, ಅವರು ಹೊರಗೆ ಹೋಗಿ ಅಂದರೆ? ಹತ್ತಿರದ ಸುರಕ್ಷಿತ ಜಾಗದವರೆಗೆ ಪರ್ಸನಲ್ ಕನ್ವೇಯನ್ಸ್ (ಕೆಲಸಕ್ಕಲ್ಲದ ಸ್ವಂತ ಓಡಾಟ) ಹಾಕಿ ಹೋಗಬಹುದು, ಯಾಕೆ ಅಂತ ಲಾಗ್‌ನಲ್ಲಿ ಬರೆಯಿರಿ. ಮುಂದಿನ ಲೋಡ್ ಕಡೆಗೆ 50 ಮೈಲಿ ಓಡಿಸಲು ಇದನ್ನು ಬಳಸಿದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಹೊರಡುವಾಗ ಗೊತ್ತಿಲ್ಲದ ಹಿಮ, ಮಂಜು ದಾರಿಯಲ್ಲಿ ಎದುರಾದರೆ 11ಕ್ಕೂ 14ಕ್ಕೂ 2 ಗಂಟೆಯವರೆಗೆ ಸೇರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಬೆಟ್ಟದ ದಾರಿ ಡಾನರ್ ಪಾಸ್‌ನಲ್ಲಿ ಹಿಮ ಬೀಳುತ್ತದೆ ಅಂತ ಬೆಳಿಗ್ಗೆಯೇ ಹವಾಮಾನ ವರದಿಯಲ್ಲಿ ನೋಡಿ ಹೊರಟಿದ್ದರೆ ಆ ವಿನಾಯಿತಿ ಇಲ್ಲ.

ಡಿಸ್ಪ್ಯಾಚರ್ (ಕಂಪನಿಯಲ್ಲಿ ಲೋಡ್ ಹಂಚುವವರು) "ಇನ್ನೊಂದು ಗಂಟೆ ಅಷ್ಟೇ, ಓಡಿಸಿಬಿಡು" ಅಂದರೆ ಫೋನಿನಲ್ಲಿ ವಾದಕ್ಕೆ ಇಳಿಯಬೇಡಿ. "ನನ್ನ ಗಂಟೆ ಮುಗಿದಿದೆ, ಓಡಿಸಿದರೆ ನಿಯಮ ಮುರಿದ ಹಾಗೆ" ಅಂತ ಮೆಸೇಜ್ ಕಳಿಸಿ, ಉತ್ತರವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಅದರ ಮೇಲೂ ಲೋಡ್ ಕೊಡಲ್ಲ, ಕೆಲಸದಿಂದ ತೆಗೀತೀವಿ ಅಂತ ಹೆದರಿಸಿದರೆ ಅದು ಬಲವಂತ. ಕಂಪನಿ, ಬ್ರೋಕರ್, ಶಿಪ್ಪರ್ (ಸರಕು ಕಳಿಸುವವರು) ಯಾರೇ ಮಾಡಿದರೂ ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಸಂಸ್ಥೆ ಎಫ್‌ಎಂಸಿಎಸ್‌ಎಗೆ ದೂರು ಕೊಡಬಹುದು. ಅದಕ್ಕೆ 90 ದಿನ ಸಮಯ ಇದೆ, ಆ ಮೆಸೇಜ್‌ಗಳೇ ನಿಮ್ಮ ಸಾಕ್ಷಿ.