ಗದ್ದಲದ ಕೆಲಸ ಶೆಡ್ಡಿನಲ್ಲಿ, ಉಳಿ ಕೆಲಸ ಮನೆಯಲ್ಲಿ

ನಾನು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಾಷ್ಟ್ರು. ವಿದ್ಯಾನಗರದ ಹತ್ತಿರ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೇವೆ. ಮರಗೆಲಸ ನನ್ನ ಕಸುಬಲ್ಲ. ಆದರೆ ಸುಮ್ನೆ ಹೊತ್ತು ಕಳೆಯಲು ಹಿಡಿದದ್ದೂ ಅಲ್ಲ. ಪೆರ್ಲದ ಹತ್ತಿರ ನಮ್ಮ ಹಳೆ ಮನೆ. ಮಳೆಗಾಲಕ್ಕೆ ಮುಂಚೆ ಮಾಡಿನ (ಸೂರಿನ) ರಿಪೇರಿಗೆ ಆಚಾರಿಗಳು ಬರುತ್ತಿದ್ದರು. ಅಂಗಳದಲ್ಲಿ ಅವರು ಹತ್ತರಿ ಹೊಡೆಯುವುದನ್ನು ಕೂತು ನೋಡುವುದೇ ನನಗೆ ಬೇಸಗೆ ರಜೆ.

ಕೆಲವು ವರ್ಷಗಳ ಹಿಂದೆ ಆ ಮನೆಯ ಹಿತ್ತಿಲಿನ ದೊಡ್ಡ ಹಲಸಿನ ಮರ ಜುಲೈ ಮಳೆಗೆ ಬುಡಸಮೇತ ಮಗುಚಿತು. ಅಪ್ಪ ಅದನ್ನು ಸೌದೆ ಮಾಡಲು ಬಿಡಲಿಲ್ಲ. ಮಿಲ್ಲಿಗೆ ಕಳಿಸಿ ಹಲಗೆ ಸೀಳಿಸಿ, ದನದ ಹಟ್ಟಿಯ ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟರು. ಗಾಳಿಯಾಡಲೆಂದು ನಡುನಡುವೆ ರೀಪಿನ, ಅಂದರೆ ತೆಳು ಮರದ ಪಟ್ಟಿಯ ತುಂಡು. ತುದಿಗಳು ಬಿರಿಯದಂತೆ ಹಳೆ ಪೈಂಟು ಬಳಿದಿದ್ದರು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಹಳಬರ ಲೆಕ್ಕ. ನಮ್ಮದು ಒಂದೂವರೆ ಇಂಚು, ಎರಡು ವರ್ಷ ಬಿಟ್ಟೆವು. ಆ ಹಲಗೆಯಲ್ಲಿ ಮಗಳಿಗೆ ಓದುವ ಮೇಜು ಮಾಡಬೇಕು ಅಂತ ನಾನು ಹೊರಟದ್ದು.

ಮೊದಲು ಶುರು ಮಾಡಿದ್ದು ಬಾಲ್ಕನಿಯಲ್ಲಿ. ಏಳಡಿ ಉದ್ದ, ನಾಲ್ಕಡಿ ಅಗಲ. ಒಂದು ಶನಿವಾರ ಮಧ್ಯಾಹ್ನ ಕೈಯಲ್ಲಿ ಹಿಡಿಯುವ ಕಟ್ಟಿಂಗ್ ಮೆಷಿನು ಹಿಡಿದು ಎರಡು ಹಲಗೆ ಸೀಳಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಬೆಲ್ ಆಯಿತು. ಕೆಳಗಿನ ಮನೆಯವರು. ಕಂಕುಳಲ್ಲಿ ಎಚ್ಚರಾದ ಹಸುಗೂಸು, ಇನ್ನೊಂದು ಕೈಯಲ್ಲಿ ಒಂದು ರಾಶಿ ಒದ್ದೆ ಬಟ್ಟೆ. ಜಗಳಕ್ಕೆ ಬಂದದ್ದಲ್ಲ. "ಮಾಷ್ಟ್ರೇ, ಇದು ನೋಡಿ" ಅಂತ ಬಟ್ಟೆ ಬಿಡಿಸಿ ತೋರಿಸಿದರು, ಅಷ್ಟೇ. ಮಗುವಿನ ಬಿಳಿ ಅಂಗಿಯ ತುಂಬ ಹಳದಿ ಚುಕ್ಕೆ. ಹಲಸಿನ ಮರದ ತಿರುಳಿನಲ್ಲಿ ಬಣ್ಣ ಉಂಟು. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಇದರದ್ದೇ ಬಣ್ಣ ಹಾಕುತ್ತಿದ್ದರು. ಅಂಥ ಹುಡಿ ಒದ್ದೆ ಬಟ್ಟೆಯ ಮೇಲೆ ಬಿದ್ದಿತ್ತು.

ಆ ದಿನವೇ ಮೆಷಿನು ಕಟ್ಟಿಟ್ಟೆ. ಆಮೇಲೆ ಓದಿ ತಿಳಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲಿಗೆ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಕಟ್ಟಿಂಗ್ ಮೆಷಿನಿನ ಪಕ್ಕದಲ್ಲಿ ನಿಂತರೆ 90 ದಾಟುತ್ತದೆ. ಹುಡಿಯ ವಿಷಯ ಇನ್ನೂ ಗಂಭೀರ. ಮರದ ಹುಡಿ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಮುಖ್ಯವಾಗಿ ಮೂಗಿನ ಒಳಭಾಗಕ್ಕೆ ಅಪಾಯ. ಅಡುಗೆ ಮನೆಯಿಂದ ಎಂಟು ಹೆಜ್ಜೆ ದೂರದಲ್ಲಿ ಅದನ್ನು ಹಾರಿಸುವುದು ಸರಿಯಲ್ಲ, ಅಲ್ವಾ?

ಜಾಗ ಹುಡುಕಲು ಹೊರಟೆ. ಬೆಂಗಳೂರಿನಂಥ ಊರಲ್ಲಾದರೆ ದುಡ್ಡು ಕೊಟ್ಟು ಹೋಗಿ ಕೆಲಸ ಮಾಡುವ ಮೇಕರ್ ಸ್ಪೇಸ್‌ಗಳಿವೆ. ಇಲ್ಲಿ ನನಗೆ ಅಂಥದ್ದು ಸಿಗಲಿಲ್ಲ. ಒಂದು ಈರ್ಚಮಿಲ್ಲಿಗೆ ಹೋದೆ. ಇಲ್ಲಿ ಮರ ಸೀಳುವ ಮಿಲ್ಲಿಗೆ ಮಲಯಾಳದಲ್ಲಿ ಹಾಗೆನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಒಂದು ಫರ್ನಿಚರ್ ಅಂಗಡಿಯಲ್ಲಿ ಕೇಳಿದೆ. ಒಂದು ತರಬೇತಿ ಸಂಸ್ಥೆಯಲ್ಲಿ, ರಜಾದಿನ ಅವರ ವರ್ಕ್‌ಶಾಪ್ ಖಾಲಿ ಇರುತ್ತದಲ್ಲಾ ಅಂತ ಕೇಳಿದೆ. ಸ್ನೇಹಿತರೊಬ್ಬರ ಕಾರ್ ಶೆಡ್ ಕೇಳಿದೆ. ಎಲ್ಲ ಕಡೆಯೂ ಆಗಲಿಕ್ಕಿಲ್ಲ ಎಂದೇ ಉತ್ತರ. ಮಿಲ್ಲಿನವರು ಮಾತ್ರ ಕಾರಣ ಹೇಳಿದರು: "ನಿಮ್ಮ ಕೈ ಹೋದರೆ ಯಾರು ಉತ್ತರ ಕೊಡುವುದು ಮಾಷ್ಟ್ರೇ?" ಅವರ ಮಾತು ನ್ಯಾಯವಾದದ್ದು. ಗುರುತಿಲ್ಲದವನೊಬ್ಬ ಬಂದು ತಿರುಗುವ ಬ್ಲೇಡಿನ ಎದುರು ನಿಲ್ಲುತ್ತೇನೆಂದರೆ ನಾನಾದರೂ ಒಪ್ಪುತ್ತಿರಲಿಲ್ಲ.

ಒಂದು ರಾತ್ರಿ ಸುಮ್ಮನೆ ಲೆಕ್ಕ ಬರೆಯುತ್ತಾ ಕೂತೆ. ಮೇಜು ಮಾಡಲು ಏನೇನು ಕೆಲಸ, ಯಾವುದಕ್ಕೆ ಎಷ್ಟು ಹೊತ್ತು. ಹಲಗೆ ಸೀಳುವುದು, ಒಂದು ಮುಖ ಮಟ್ಟಸ ಮಾಡುವುದು, ಒಂದೇ ದಪ್ಪಕ್ಕೆ ತರುವುದು. ಇಷ್ಟಕ್ಕೆ ಮೆಷಿನಿನಲ್ಲಿ ಮೂರು ಗಂಟೆ ಸಾಕು. ಉಳಿದದ್ದು ಗುರುತು ಹಾಕುವುದು, ಕಾಲಿಗೆ ಚೌಕ ತೂತು ಕೊರೆಯುವುದು, ಅಡ್ಡಪಟ್ಟಿಯ ನಾಲಿಗೆಯನ್ನು ಅದರಲ್ಲಿ ಕೂರಿಸುವುದು, ಅಂಟು ಹಾಕುವುದು, ನಯ ಮಾಡುವುದು, ಎಣ್ಣೆ ಹಚ್ಚುವುದು. ಅದು ಮೂವತ್ತು ಗಂಟೆಗೂ ಜಾಸ್ತಿ. ಅಷ್ಟೂ ಕೈಯಲ್ಲಿ ಆಗುವಂಥದ್ದು, ಹೆಚ್ಚಿನದ್ದು ಸದ್ದಿಲ್ಲದೆ ಆಗುವಂಥದ್ದು.

ಆ ಕಾಗದ ನೋಡಿದ ಮೇಲೆ ನನ್ನ ಹುಡುಕಾಟವೇ ಬದಲಾಯಿತು. ನಾನು ಇಡೀ ಒಂದು ವರ್ಕ್‌ಶಾಪನ್ನು ಕೇಳಿಕೊಂಡು ತಿರುಗುತ್ತಿದ್ದೆ. ಬೇಕಾದದ್ದು ಮೂರು ಗಂಟೆಯ ಮೆಷಿನು ಮಾತ್ರ.

ಮಧೂರಿಗೆ ಹೋಗುವ ದಾರಿಯಲ್ಲಿ ತಗಡಿನ ಮಾಡಿನ ಒಂದು ಶೆಡ್ಡಿತ್ತು. ಅರುವತ್ತು ದಾಟಿದ ಒಬ್ಬರು ಆಚಾರಿ, ಜೊತೆಗೆ ಇಬ್ಬರು ಹುಡುಗರು. ಈ ಸಲ ನಾನು ಜಾಗ ಕೇಳಲಿಲ್ಲ. ನಾಲ್ಕು ಹಲಗೆ ತೆಗೆದುಕೊಂಡು ಹೋಗಿ, "ಇದನ್ನು ಪ್ಲೇನ್ ಮಾಡಿ ಕೊಡ್ತೀರಾ? ಕೂಲಿ ಎಷ್ಟು ಹೇಳಿ" ಅಂದೆ. ಅವರು ಹಲಗೆ ತಿರುಗಿಸಿ ತುದಿ ನೋಡಿದರು, ಬೆರಳಲ್ಲಿ ತಟ್ಟಿ ಕಿವಿಗೊಟ್ಟರು.

"ಒಳ್ಳೆ ಹಲಸು. ಚೆಂಡೆ ಮಾಡುವಂಥದ್ದು. ಎಲ್ಲಿಯದ್ದು?"

"ನಮ್ಮ ಮನೆ ಹಿತ್ತಿಲಿನದ್ದು."

"ಒಣಗಿಸಿದ್ದು ಯಾರು?"

"ಅಪ್ಪ."

"ಹಾಂ, ಗೊತ್ತುಂಟು ಅವರಿಗೆ."

ನಮ್ಮ ಮಾತು ಶುರುವಾದದ್ದು ಹಾಗೆ. ಕೂಲಿ ಕೊಟ್ಟೆ. ಮುಂದಿನ ವಾರ ಮತ್ತೆ ನಾಲ್ಕು ಹಲಗೆ. ಅವರು ಮೆಷಿನಿಗೆ ಕೊಡುವಾಗ ನಾನು ಆಚೆ ಬದಿಯಲ್ಲಿ ಹಲಗೆ ಹಿಡಿದುಕೊಳ್ಳುತ್ತಿದ್ದೆ. ಕೆಲಸ ಮುಗಿದ ಮೇಲೆ ಹುಡಿ ಗುಡಿಸಿ ಗೋಣಿಗೆ ತುಂಬುತ್ತಿದ್ದೆ. ಯಾರೂ ಹೇಳಿದ್ದಲ್ಲ. ಐದನೆಯ ವಾರ ಅವರೇ ಹೇಳಿದರು: "ಭಾನುವಾರ ಹುಡುಗರು ಬರುವುದಿಲ್ಲ. ನಾನು ಹತ್ತು ಗಂಟೆಗೆ ಬಂದು ಕೂತಿರ್ತೇನೆ. ನೀವು ಬನ್ನಿ. ನಾನಿಲ್ಲದಾಗ ಮಾತ್ರ ಸ್ವಿಚ್ ಮುಟ್ಟಬಾರದು."

ಈಗ ಅಲ್ಲಿ ನಾವು ಮೂವರು ಭಾನುವಾರದವರಿದ್ದೇವೆ. ಒಬ್ಬರು ನಿವೃತ್ತ ಬ್ಯಾಂಕಿನವರು, ಇನ್ನೊಬ್ಬ ಮೊಗ್ರಾಲಿನ ಎಲೆಕ್ಟ್ರಿಷಿಯನ್. ಹತ್ತರಿಂದ ಒಂದರವರೆಗೆ ಕೆಲಸ. ತಿಂಗಳಿಗೆ ತಲೆಗೆ 700 ರೂಪಾಯಿ, ಕರೆಂಟು ಬೇರೆ. ಎರಡು ಎಚ್‌ಪಿ ಮೋಟರು ಪೂರ್ತಿ ಒಂದು ಗಂಟೆ ಓಡಿದರೆ ಒಂದೂವರೆ ಯೂನಿಟ್ ಆಸುಪಾಸು. ಗೋಡೆಗೆ ಪುಸ್ತಕ ನೇತು ಹಾಕಿದ್ದೇವೆ, ಯಾರು ಎಷ್ಟು ಹೊತ್ತು ಓಡಿಸಿದರೋ ಅವರೇ ಬರೆಯುತ್ತಾರೆ. ಹಿಂದಿನ ಗೋಡೆಯ ಪಕ್ಕ ಮೂರಡಿಯ ಬೆಂಚು, ಹಲಗೆ ಇಡಲು ಒಂದು ಅಟ್ಟ ಕೊಟ್ಟಿದ್ದಾರೆ. ದುಡ್ಡಿನ ಮಾತು ಮೊದಲ ದಿನವೇ ಬಾಯಿಬಿಟ್ಟು ಆಡಿಕೊಂಡದ್ದು ಒಳ್ಳೆಯದಾಯಿತು. "ಅದೆಲ್ಲ ಬೇಡ ಮಾಷ್ಟ್ರೇ" ಅಂದಿದ್ದರು. ಬೇಡ ಅಂದದ್ದಕ್ಕೆ ಸುಮ್ಮನಿದ್ದರೆ ನಾಲ್ಕು ತಿಂಗಳಲ್ಲಿ ಎರಡೂ ಕಡೆ ಮುಜುಗರ ಹುಟ್ಟುತ್ತದೆ.

ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಯಾರದೋ ಹಂಚಿನ ಮನೆ ಕೆಡವಿದಾಗ, ಮಾಡನ್ನು ಹೊತ್ತಿದ್ದ ಹಳೆ ಪಕ್ಕಾಸು ಸಿಕ್ಕಿತು. ಒಳ್ಳೆ ಬೋಗಿ ಮರ, ಕಲ್ಲಿನಂಥದ್ದು. ಕಣ್ಣಿಗೆ ಕಂಡ ಮೊಳೆಗಳನ್ನೆಲ್ಲ ಕಿತ್ತು, ಮರ ಮಟ್ಟಸ ಮಾಡುವ ಪ್ಲೇನರ್ ಮೆಷಿನಿಗೆ ಕೊಟ್ಟೆ. ಟಣ್ ಅಂತ ಒಂದೇ ಸದ್ದು. ಆಚಾರಿಯವರು ಕೂತಲ್ಲಿಂದಲೇ ಕೈ ಎತ್ತಿದರು, ನಾನು ಸ್ವಿಚ್ ಆರಿಸಿದೆ. ಆಚೆಯಿಂದ ಹೊರಬಂದ ಮರದ ಮೇಲೆ, ತುದಿಯಿಂದ ತುದಿಗೆ, ದಾರ ಅಂಟಿಸಿದ ಹಾಗೆ ಸಣ್ಣ ಗೆರೆ ಎದ್ದು ನಿಂತಿತ್ತು. ತಲೆ ಮುರಿದ ಆಣಿಯೊಂದು ಒಳಗೇ ಉಳಿದಿತ್ತು, ಅದು ತಾಗಿ ಬ್ಲೇಡುಗಳ ಬಾಯಿ ಮುರಿದಿತ್ತು. ಇನ್ನು ಆ ಮೆಷಿನಿನಲ್ಲಿ ಯಾರ ಹಲಗೆ ಕೊಟ್ಟರೂ ಅದೇ ಗೆರೆ ಬರುತ್ತದೆ. ಸೋಮವಾರ ಅವರಿಗೆ ಗಿರಾಕಿಯ ಬಾಗಿಲು ಕೊಡಲಿಕ್ಕಿತ್ತು.

ಅವರು ಬೈಯಲಿಲ್ಲ. ಮೆಷಿನಿನ ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ, ಒಂದು ಬ್ಲೇಡನ್ನು ಕೂದಲೆಳೆಯಷ್ಟು ಬದಿಗೆ ಸರಿಸಿ ಮತ್ತೆ ಬಿಗಿ ಮಾಡಿದರು. ಮುರಿದ ಜಾಗಗಳು ಎದುರುಬದುರು ಬಾರದಿದ್ದರೆ ಒಂದು ಬ್ಲೇಡು ಬಿಟ್ಟ ಗೆರೆಯನ್ನು ಇನ್ನೊಂದು ತೆಗೆಯುತ್ತದೆ. ಮತ್ತೆ ಹಲಗೆ ಕೊಟ್ಟು ನೋಡಿದರೆ ಗೆರೆ ಇಲ್ಲ! ಆದರೂ ಹೊಸ ಬ್ಲೇಡಿನ ಜೋಡಿ ತಂದುಕೊಟ್ಟೆ. ಅಂದಿನಿಂದ ಹಳೆ ಮರ ಏನೇ ತಂದರೂ, ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವನ್ನು ದಾರದಲ್ಲಿ ಕಟ್ಟಿ ಮರದುದ್ದಕ್ಕೂ ಇಳಿಬಿಟ್ಟು ನೋಡುತ್ತೇನೆ. ಮೇಲ್ಮೈಗೆ ಹತ್ತಿರ ಆಣಿ ಇದ್ದರೆ ಅದು ಆ ಕಡೆ ವಾಲುತ್ತದೆ. ಆಳದಲ್ಲಿದ್ದರೆ ಗೊತ್ತಾಗುವುದಿಲ್ಲ. ಹಾಗಾಗಿ ಸಂಶಯವಿದ್ದ ಮರವನ್ನು ಅಲ್ಲಿಯ ಮೆಷಿನಿಗೆ ಕೊಡುವುದೇ ಇಲ್ಲ, ಮನೆಯಲ್ಲಿ ಕೈ ಹತ್ತರಿಯಲ್ಲೇ ಮಾಡಿಕೊಳ್ಳುತ್ತೇನೆ.

ಶೆಡ್ಡಿನಲ್ಲಿ ಬೇರೆ ಕೆಲವು ಕಟ್ಟುನಿಟ್ಟುಗಳಿವೆ. ಮುಂಡು ಉಟ್ಟು ಮೆಷಿನಿನ ಹತ್ತಿರ ಹೋಗುವ ಹಾಗಿಲ್ಲ. ಉಂಗುರ, ವಾಚು, ಕೈಗವಸು ಏನೂ ಬೇಡ. ಕೈಗವಸು ಕಾಪಾಡುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ, ತಿರುಗುವ ಬ್ಲೇಡಿಗೆ ಅದು ಸಿಕ್ಕಿದರೆ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹಲಗೆ ಸೀಳುವಾಗ ಬ್ಲೇಡಿನ ನೇರಕ್ಕೆ ನಿಲ್ಲಬಾರದು, ತುಂಡು ಹಿಂದಕ್ಕೆ ಸಿಡಿದರೆ ಹೊಟ್ಟೆಗೇ ಬಂದು ಬಡಿಯುತ್ತದೆ. ಇನ್ನೊಂದು, ಆಚಾರಿಯವರ ಉಳಿ, ಹತ್ತರಿ ಮುಟ್ಟುವ ಹಾಗಿಲ್ಲ. ಅದು ಅವರು ಹೇಳಿದ ನಿಯಮವಲ್ಲ, ನಾನೇ ಹಾಕಿಕೊಂಡದ್ದು. ನಲುವತ್ತು ವರ್ಷ ಒಂದೇ ಕೈಯಲ್ಲಿ ಸವೆದ ಹಿಡಿ ಅದು.

ಹಲಗೆ ಸಾಗಿಸುವುದು ಮೊದಮೊದಲು ದೊಡ್ಡ ತಲೆಬಿಸಿಯಾಗಿತ್ತು. ಈಗ ಶೆಡ್ಡಿನಲ್ಲೇ ಅಂದಾಜು ಅಳತೆಗೆ ತುಂಡು ಮಾಡಿ ತರುತ್ತೇನೆ. ನಾಲ್ಕಡಿ ಒಳಗಿದ್ದರೆ ಆಟೋದಲ್ಲೂ ಹಿಡಿಯುತ್ತದೆ, ನಮ್ಮ ಲಿಫ್ಟಿನಲ್ಲೂ ನಿಲ್ಲುತ್ತದೆ. ಮರ ಕೊಳ್ಳುವುದಾದರೆ ಲೆಕ್ಕ ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿ. ಆರಡಿ ಉದ್ದ, ಎಂಟಿಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಅಂದರೆ ಸರಿಯಾಗಿ ಅರ್ಧ ಘನ ಅಡಿ. ಮಿಲ್ಲಿಗೆ ಹೋಗುವ ಮುಂಚೆ ಇಷ್ಟು ಮಾಡಿಕೊಂಡರೆ ಸಾಕು.

ಮನೆಯಲ್ಲಿ ನನ್ನ ವರ್ಕ್‌ಶಾಪ್ ಅಂದರೆ ಬಾಲ್ಕನಿಯ ಒಂದು ಮೂಲೆ. ಎರಡಡಿ ಅಗಲದ ದಪ್ಪ ಬೆಂಚು, ಅದರ ಕಾಲಿನಡಿಗೆ ನಾಲ್ಕು ಮಡಿಕೆ ತೆಂಗಿನ ನಾರಿನ ಮ್ಯಾಟು. ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ನೆಲದ ಮೂಲಕ ಕೆಳಗೆ ಇಳಿಯುವುದೇ ಜಾಸ್ತಿ. ಮ್ಯಾಟು ಹಾಕಿದ ಮೇಲೆ ಕೆಳಗಿನ ಮನೆಗೆ ಹೋಗಿ, ಮೇಲೆ ಮಗಳಿಗೆ ಕೊಡತಿ ಹೊಡೆಯಲು ಹೇಳಿ, ಅವರ ಜೊತೆ ನಿಂತು ಕೇಳಿದೆ. ಮೆತ್ತಗೆ ಟಪ್ ಟಪ್ ಕೇಳುತ್ತದೆ. ಸಂಜೆ ಐದರಿಂದ ಏಳರವರೆಗೆ ಮಾತ್ರ ಹೊಡೆಯುತ್ತೇನೆ ಅಂತ ಅವರಿಗೆ ಹೇಳಿದ್ದೇನೆ. ಆ ಹೊತ್ತಿಗೆ ಮಗು ಎದ್ದಿರುತ್ತದೆ. ಏಳರ ನಂತರ ಉಳಿಯನ್ನು ಕೈಯಲ್ಲೇ ಒತ್ತಿ ತೆಳ್ಳಗೆ ಸವರುವ ಕೆಲಸ.

ಇದಕ್ಕೆ ಉಳಿ ಹರಿತವಿರಲೇಬೇಕು. 1000 ನಂಬರಿನ ಕಲ್ಲಿಗೆ ನೀರು ಹಾಕಿ, 25 ಡಿಗ್ರಿ ಓರೆಯಲ್ಲಿ ಮಸೆದು, ಆಮೇಲೆ ಇನ್ನೂ ನಯದ ಕಲ್ಲು, ಕೊನೆಗೆ ಹಳೆ ಬೆಲ್ಟಿನ ಚರ್ಮ. ಮುಂಗೈಯ ರೋಮ ತೆಗೆಯುವಷ್ಟು ಆದರೆ ಸರಿ. ಅಂಥ ಉಳಿ ಹಲಸಿನ ಅಡ್ಡನಾರಿನಲ್ಲಿ ಇಳಿಯುವಾಗ ಸದ್ದೇ ಇಲ್ಲ. ಕುಂಬಳಕಾಯಿ ಹೆಚ್ಚಿದ ಹಾಗೆ ಹಳದಿ ಚೂರು ಮಡಿಚಿಕೊಂಡು ಬೀಳುತ್ತದೆ. ಕತ್ತರಿಸಿದ ಮುಖ ಬೆರಳಿಗೆ ಸೋಪಿನ ಹಾಗೆ ನುಣುಪು.

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಏಪ್ರಿಲ್‌ನಲ್ಲಿ ಮೇಜಿನ ಡ್ರಾವರ್ ಸರಿಯಾಗಿ ಕೂರಿಸಿದ್ದೆ, ಜುಲೈಯಲ್ಲಿ ಎಳೆದರೆ ಬರಲೇ ಇಲ್ಲ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಹಾಗಾಗಿ ಮೇಜಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಕೂರಿಸಬಾರದು. ಸ್ಕ್ರೂವಿನ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು ಹಲಗೆ ಸರಿದಾಡಲು ಬಿಡಬೇಕು. ತಗಡಿನ ಶೆಡ್ಡಿನಲ್ಲಿ ಜುಲೈ ತಿಂಗಳಲ್ಲಿ ಮರ ತೇವ ಹೀರಿಕೊಂಡಿರುತ್ತದೆ. ಅಲ್ಲಿಂದ ತಂದ ಹಲಗೆಯನ್ನು ಮನೆಯೊಳಗೆ ಎರಡು ವಾರ ರೀಪಿನ ಮೇಲೆ ಮಲಗಿಸಿಟ್ಟು ಆಮೇಲೆ ಕೊನೆಯ ಅಳತೆಗೆ ತರುತ್ತೇನೆ. ಎಣ್ಣೆ ಹಚ್ಚಲು ಅಗಸೆ ಎಣ್ಣೆ ಬಳಸುವವರು, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಬಿಸಿಯಾಗಿ ತಾನಾಗಿ ಬೆಂಕಿ ಹಿಡಿಯುತ್ತದೆ. ನಾನು ನೀರಿನ ಬಕೆಟಿಗೆ ಹಾಕುತ್ತೇನೆ.

ಮೇಜು ಮುಗಿಯಲು ಐದು ತಿಂಗಳು ಬೇಕಾಯಿತು. ಆಗ ಹಳದಿ ಇದ್ದದ್ದು ಈಗ ಜೇನಿನ ಬಣ್ಣಕ್ಕೆ ಬಂದಿದೆ. ಉಳಿದ ತುಂಡಿನಲ್ಲಿ ಕೆಳಗಿನ ಮನೆಯ ಮಗುವಿಗೆ ಒಂದು ಮಣೆ ಮಾಡಿ ಕೊಟ್ಟೆ.

ಶೆಡ್ಡಿನಲ್ಲಿ ನಾವು ಮೂವರೂ ಸೇರಿ ಈಗ ಹುಡಿ ಎಳೆಯುವ ಮೆಷಿನಿಗೆ ದುಡ್ಡು ಹಾಕುತ್ತಿದ್ದೇವೆ. ವಾರವಿಡೀ ಅಲ್ಲೇ ಉಸಿರಾಡುವ ಹುಡುಗರಿಗೂ ಅದು ಬೇಕು. ನಾಲ್ಕಿಂಚಿನ ಪೈಪು ಪ್ಲೇನರಿನಿಂದ ಹಿಂದಿನ ಗೋಡೆಗೆ ಹೇಗೆ ಹೋಗಬೇಕು ಅಂತ ಕಳೆದ ಭಾನುವಾರ ಆಚಾರಿಯವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾರೆ. ಅದು ನಮ್ಮ ಬೆಂಚಿನ ಅಡಿಯಿಂದಲೇ ಹೋಗುತ್ತದೆ, ಬೆಂಚನ್ನು ಅರ್ಧ ಅಡಿ ಮುಂದಕ್ಕೆ ತರಬೇಕು.